ಮೇ ತಿಂಗಳ ಪರ್ಮಿಟ್

ರಾತ್ರಿ ಎರಡರ ಸುಮಾರಿಗೆ ಪಕ್ಕದ ಟೆಂಟಿನ ಜಿಪ್ ಮೆಲ್ಲಗೆ ಸರಿದ ಸದ್ದಾಯಿತು. ಹವಾಯಿಯ ಓಹು ದ್ವೀಪದ ಈ ಕಡಲತೀರದ ಪಾರ್ಕಿನಲ್ಲಿ ಎಷ್ಟು ಸಲ ಮಲಗಿದರೂ ನನ್ನ ಕಿವಿ ಮಾತ್ರ ಮಲಗುವುದಿಲ್ಲ. ಹೊರಬಂದವರು ಹಗಲು ಪರಿಚಯವಾಗಿದ್ದ ನಾಲಾನಿ ಮತ್ತು ಅವಳ ತಮ್ಮ ಕೈನೋವಾ. ತಾಯಿ ಒಳಗೆ ನಿದ್ದೆಯಲ್ಲಿದ್ದರು. ಸಂಜೆ ಆ ಮೂವರು ತೀರಿಕೊಂಡ ಅಪ್ಪನ ಮಡಚುಕುರ್ಚಿಯನ್ನು ಕಡಲಿಗೆ ಮುಖಮಾಡಿ ಇಟ್ಟು, ಅದರ ಮುಂದೆ ಕೆಸುವಿನ ಗಡ್ಡೆ ಬೇಯಿಸಿ ಅರೆದ ಪೊಯಿ, ಒಣಮೀನು ಬಡಿಸಿದ್ದರು.

“ಅಕ್ಕಾ, ಮೇನಲ್ಲಿ ಪಾರ್ಕ್ ತುಂಬಿರ್ಲಿಲ್ಲ.”

“ಏನಂದೆ?”

“ಇನ್ನೊಂದೇ ರಾತ್ರಿ ಇಲ್ಲಿ ಮಲಗ್ಬೇಕು ಅಂತ ಅಪ್ಪ ಕೇಳಿದ್ನಲ್ಲ, ಆಗ. ನಾನು ಟೆಂಟ್ ಹಾಕೋ ಪರ್ಮಿಟ್ ತಗೊಳ್ಳೋಕೇ ಹೋಗ್ಲಿಲ್ಲ. ಅವತ್ತು ಅಲೆ ಚೆನ್ನಾಗಿತ್ತು, ಸರ್ಫಿಂಗ್ ಹಲಗೆ ಎತ್ಕೊಂಡು ಓಡಿದೆ. ಆಮೇಲೆ ಜಾಗ ಇಲ್ಲ ಅಂತ ಸುಳ್ಳು ಹೇಳ್ದೆ.”

“ಥೂ, ನಿನ್ನ! ಆ ಹಲಗೆ ಹತ್ತೋದು ಕಲಿಸಿದ್ದೇ ಅವನು.”

“ಜೂನಲ್ಲಿ ಕರ್ಕೊಂಡು ಬರೋಣ ಅಂದ್ಕೊಂಡಿದ್ದೆ ಕಣೇ.”

“ಜೂನ್ ಹೊತ್ತಿಗೆ ಅವನೆಲ್ಲಿದ್ದ?”

ಕೈನೋವಾ ಅಪ್ಪನ ಕುರ್ಚಿಯ ಮೇಲಿನ ಮರಳು ಒರೆಸಿದ.

“ಬೆಳಿಗ್ಗೆ ಅಮ್ಮಂಗೆ ಹೇಳ್ಬಿಡ್ತೀನಿ.”

“ಹೇಳಿ ನೀನು ಹಗುರ ಆಗ್ತೀಯ. ಅವಳು? ‘ಜಾಗ ಸಿಗದಿದ್ರೆ ಮಗ ತಾನೆ ಏನ್ ಮಾಡ್ತಾನೆ’ ಅಂತ ಅಪ್ಪಂಗೆ ಕೊನೇವರೆಗೂ ಸಮಾಧಾನ ಹೇಳಿದ್ದು ಅವಳೇ.”

“ಮತ್ತೇನ್ ಮಾಡ್ಲಿ?”

“ಪಾರ್ಕ್ ತುಂಬಿತ್ತು, ಅಷ್ಟೇ. ಕುರ್ಚಿ ಹಿಡ್ಕೋ, ನೀರು ಮೇಲೆ ಬರ್ತಿದೆ.”

ಇಬ್ಬರೂ ಆ ಕುರ್ಚಿಯನ್ನು ಎರಡು ಕಡೆ ಹಿಡಿದು ಕತ್ತಲಲ್ಲಿ ನೀರಿನಿಂದ ದೂರ ನಡೆದುಹೋದರು.

ಆ ಮೇನಲ್ಲೂ ನಾನು ಇಲ್ಲೇ ಇದ್ದೆ. ನನ್ನ ಸುತ್ತಲಿನ ಹುಲ್ಲೆಲ್ಲ ಖಾಲಿ ಬಿದ್ದಿತ್ತು. ಬೆಳಿಗ್ಗೆ ಅವರ ತಾಯಿ ಕೇಳಿದರೂ ನಾನದನ್ನು ಹೇಳುವುದಿಲ್ಲ.