ಜೋಗಿಕೊಟ್ಟಾಯಿಯ ಎರಡು ಬೋರುಗಳಿಗೆ ಬಣ್ಣ ಬಳಿದ ವಿಷಯ

ಹೆಸರು: ರಾ. ಭಾಗ್ಯಲಕ್ಷ್ಮಿ, ತಂದೆ ರಾಜಗೋಪಾಲ್. ವಯಸ್ಸು: 20 ವರ್ಷ. ಉದ್ಯೋಗ: ವಿದ್ಯಾರ್ಥಿನಿ, ಸಿವಿಲ್ ಇಂಜಿನಿಯರಿಂಗ್ ಮೂರನೇ ವರ್ಷ. ವಾಸ: ಮಿಲ್ ಕ್ವಾರ್ಟರ್ಸ್, ಮೆಟ್ಟೂರು, ಸೇಲಂ ಜಿಲ್ಲೆ. ಓದಿಗಾಗಿ ಸೇಲಂ ಬಳಿಯ ಕಾಲೇಜು ಹಾಸ್ಟೆಲಿನಲ್ಲಿದ್ದೇನೆ.

ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಮ್ಮ ಮನೆಮಾತು ಕನ್ನಡ. ಮಾತನಾಡಲು ಬರುತ್ತದೆ, ಓದು ಬರಹ ಬರುವುದಿಲ್ಲ. ಶಾಲೆಯಲ್ಲಿ ಕಲಿತದ್ದೆಲ್ಲ ತಮಿಳು ಮತ್ತು ಇಂಗ್ಲಿಷಿನಲ್ಲಿ. ಆದರೂ ಈ ಪ್ರಕರಣದಲ್ಲಿ ಒಂದು ಕನ್ನಡ ಮಾತೇ ಪ್ರಶ್ನೆಯಾಗಿರುವುದರಿಂದ ಕನ್ನಡದಲ್ಲಿಯೇ ಹೇಳಿಕೆ ಕೊಡುತ್ತೇನೆಂದು ಕೇಳಿಕೊಂಡೆ. ಹೊಸೂರು ಕಡೆ ಕನ್ನಡ ಶಾಲೆಯಲ್ಲಿ ಓದಿರುವ ಹೆಡ್ ಕಾನ್‌ಸ್ಟೇಬಲ್ ಮಾದೇಶ್ ಅವರು ನಾನು ಹೇಳುವುದನ್ನು ಬರೆದುಕೊಳ್ಳುತ್ತಿದ್ದಾರೆ.

ನಮ್ಮ ಕಾಲೇಜಿನ ಎನ್‌ಎಸ್‌ಎಸ್ ವತಿಯಿಂದ 2025ರ ಫೆಬ್ರವರಿ 10ರಿಂದ 16ರವರೆಗೆ ಧರ್ಮಪುರಿ ಜಿಲ್ಲೆ ನಲ್ಲಂಪಳ್ಳಿ ಬ್ಲಾಕಿನ ಜೋಗಿಕೊಟ್ಟಾಯಿಯಲ್ಲಿ ಏಳು ದಿನದ ಶಿಬಿರ ನಡೆಯಿತು. ನಾವು ನಲವತ್ತೆಂಟು ಜನ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಉಳಿದುಕೊಂಡಿದ್ದೆವು. ಊರಿನಲ್ಲಿ ಸುಮಾರು ಎಪ್ಪತ್ತು ಮನೆಗಳಿವೆ. ಹೆಚ್ಚಿನವರು ಕುರಿ ಸಾಕುತ್ತಾರೆ, ಮಳೆ ಬಂದರೆ ರಾಗಿ, ಹುರುಳಿ ಬೆಳೆಯುತ್ತಾರೆ. ಮನೆಯೊಳಗೆ ಕನ್ನಡ ಮಾತನಾಡುತ್ತಾರೆ. ನಮ್ಮ ತಂಡದಲ್ಲಿ ಕನ್ನಡ ಗೊತ್ತಿದ್ದವಳು ನಾನೊಬ್ಬಳೇ. ಆದ್ದರಿಂದ ಮೊದಲ ದಿನದಿಂದಲೂ ವಯಸ್ಸಾದವರ ಮಾತನ್ನು ತಮಿಳಿಗೆ, ನಮ್ಮವರ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ ನನ್ನದಾಗಿತ್ತು. ಆ ಕೆಲಸ ನನಗೆ ಹೆಮ್ಮೆಯದಾಗಿತ್ತು.

ಊರಿನಲ್ಲಿ ಎರಡು ಕೈಪಂಪುಗಳಿವೆ. ಜನ ಬೋರು ಎನ್ನುತ್ತಾರೆ. ಶಾಲೆಯಿಂದ 250 ಮೀಟರ್ ದೂರದಲ್ಲಿ, ಹಾಲಿನ ಸೊಸೈಟಿಯ ಹಿಂದೆ ಇರುವುದು ಪಡುವ ಬೋರು. 600 ಮೀಟರ್ ದೂರದಲ್ಲಿ, ಕುರಿದೊಡ್ಡಿಯ ಪಕ್ಕ ಇರುವುದು ಮೂಡ ಬೋರು. ಪಡುವ ಎಂದರೆ ಪಶ್ಚಿಮ, ಮೂಡ ಎಂದರೆ ಪೂರ್ವ. ಕೊಳಾಯಿ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದಂತೆ. ರಸ್ತೆ ಕೆಲಸದಲ್ಲಿ ಪೈಪು ಒಡೆದು ಆ ವಾರ ಬಂದಿರಲಿಲ್ಲ. ನಾವು ಕುಡಿಯುತ್ತಿದ್ದುದು ಕಾಲೇಜಿನ ವ್ಯಾನಿನಲ್ಲಿ ಬರುತ್ತಿದ್ದ ಕ್ಯಾನ್ ನೀರು.

ದಿನಾಂಕ 13, ಗುರುವಾರ, ನೀರಿನಲ್ಲಿ ಫ್ಲೋರೈಡ್ ಪರೀಕ್ಷೆ ಇತ್ತು. ಕುಡಿಯಬಾರದ ನೀರಿನ ಬೋರಿಗೆ ಕೆಂಪು ಬಳಿದು ಹಿಡಿ ಬಿಚ್ಚಿಡುವುದು, ಒಳ್ಳೆಯ ನೀರಿನದಕ್ಕೆ ಹಸಿರು ಬಳಿಯುವುದು ಎಂದು ತೀರ್ಮಾನವಾಗಿತ್ತು. ಮೆಕ್ಯಾನಿಕಲ್ ವಿಭಾಗದ ಶಿಬಿರಾರ್ಥಿ ಮೋಹನ್‌ರಾಜ್ ಎರಡು ಬಾಟಲಿಗಳಲ್ಲಿ ನೀರು ತಂದುಕೊಟ್ಟು, ಬಣ್ಣದ ಡಬ್ಬ ಮತ್ತು ಸ್ಪ್ಯಾನರ್ ಹಿಡಿದು ಕುರಿದೊಡ್ಡಿಯ ಕಡೆ ಹೋದರು. ಅವರಿಗೆ ಕನ್ನಡ ಬರುವುದಿಲ್ಲ. ನಾನು ಶಾಲೆಯ ಜಗಲಿಯಲ್ಲಿ ಕಿಟ್ ಇಟ್ಟುಕೊಂಡು ಪರೀಕ್ಷೆ ಮಾಡಿದೆ. ಮೊದಲ ಬಾಟಲಿಯಲ್ಲಿ ಲೀಟರಿಗೆ 4.2 ಮಿಲಿಗ್ರಾಂ ಬಂತು. ಎರಡನೆಯದರಲ್ಲಿ 0.9. ಒಂದೂವರೆಗಿಂತ ಹೆಚ್ಚಿದ್ದರೆ ಕುಡಿಯಬಾರದು. ಬಾಟಲಿಯ ಮೇಲಿನ ಗುರುತಿನ ಜೊತೆ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ನನ್ನ ಪುಸ್ತಕದಲ್ಲಿಟ್ಟೆ.

ಸಂಜೆ 4 ಗಂಟೆ 38 ನಿಮಿಷಕ್ಕೆ ನಾನು ಮೋಹನ್‌ರಾಜ್‌ಗೆ ಫೋನ್ ಮಾಡಿದೆ. ಕರೆ 47 ಸೆಕೆಂಡ್ ಇತ್ತೆಂದು ಫೋನಿನಲ್ಲಿದೆ. ಒಂದು ಬೋರನ್ನು ಮುಚ್ಚಬೇಕು, ಇನ್ನೊಂದು ಒಳ್ಳೆಯದಿದೆ ಎಂದು ತಮಿಳಿನಲ್ಲಿ ಹೇಳಿದೆ. ಮಾತು ತುಂಡು ತುಂಡಾಗುತ್ತಿತ್ತು. ಅವರು ಮೂರು ಸಲ "ಎಂದ ಬೋರು? ಎಂದ ಬೋರು?" ಎಂದು, ಅಂದರೆ ಯಾವ ಬೋರು ಎಂದು ಕೇಳಿದರು. ಎರಡನೇ ಬಾಟಲಿಯ ಮೇಲೆ ‘ಕುರಿದೊಡ್ಡಿ’ ಎಂದು ಮಾತ್ರ ಬರೆದಿತ್ತು. ನನ್ನ ಪಕ್ಕ ಆ ಊರಿನ ಅಣ್ಣಯ್ಯಪ್ಪ, ಎಪ್ಪತ್ತೆರಡು ವರ್ಷದವರು, ಕುಳಿತಿದ್ದರು. ಕುರಿದೊಡ್ಡಿ ಹತ್ತಿರದ್ದು ಯಾವ ಕಡೆ ತಾತ ಎಂದು ಕನ್ನಡದಲ್ಲಿ ಅವರನ್ನು ಕೇಳಿದೆ. ಅವರು, "ಅದು ಮೂಡ ಬೋರು ಕಣವ್ವ, ಮೂಡ ಬೋರು" ಎಂದರು. ಫೋನು ನನ್ನ ಕಿವಿಯಲ್ಲಿಯೇ ಇತ್ತು. ಅಷ್ಟರಲ್ಲಿ ಕರೆ ನಿಂತಿತು. ಅವರಿಗೆ ತಿಳಿಯಿತೆಂದುಕೊಂಡು ನಾನು ಮತ್ತೆ ಮಾಡಲಿಲ್ಲ.

ತಮಿಳಿನಲ್ಲಿ ‘ಮೂಡು’ ಎಂದರೆ ಮುಚ್ಚು ಎಂದರ್ಥ. ಈ ಸಂಗತಿ ನನಗೆ ಹುಟ್ಟಿದಾಗಿನಿಂದ ಗೊತ್ತಿದೆ. ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

‘ಮೂಡ, ಮೂಡ’ ಎಂಬುದಷ್ಟೇ ತನಗೆ ಸ್ಪಷ್ಟವಾಗಿ ಕೇಳಿಸಿತೆಂದೂ, ತಾನು ನಿಂತಿರುವ ಬೋರನ್ನೇ ಮುಚ್ಚಲು ಹೇಳಿದರೆಂದು ತಿಳಿದುಕೊಂಡೆನೆಂದೂ ಮೋಹನ್‌ರಾಜ್ ಆಮೇಲೆ ಹೇಳಿದರು. ಆ ದನಿ ಹೆಣ್ಣಿನದಾಗಿತ್ತು ಎಂದೂ ಹೇಳಿದರು. ಅಣ್ಣಯ್ಯಪ್ಪ ಕೂಗಿದ್ದೇ ಫೋನಿಗೆ ಹೋಯಿತೋ, ಅಥವಾ ಅವರು ಹೇಳಿದ್ದನ್ನು ನಾನೇ "ಮೂಡ ಬೋರಾ?" ಎಂದು ತಿರುಗಿ ಕೇಳಿದೆನೋ, ನನಗೆ ತಿಳಿಯುತ್ತಿಲ್ಲ. ಎರಡು ದಿನದಿಂದ ಆ 47 ಸೆಕೆಂಡನ್ನು ಮತ್ತೆ ಮತ್ತೆ ನೆನೆಯುತ್ತಿದ್ದೇನೆ. ಒಂದು ಸಲ ನನ್ನ ದನಿ ಕೇಳುತ್ತದೆ, ಒಂದು ಸಲ ತಾತನ ದನಿ.

ಮೋಹನ್‌ರಾಜ್ ಮೂಡ ಬೋರಿಗೆ ಕೆಂಪು ಬಳಿದು, ಹಿಡಿ ಬಿಚ್ಚಿ ತಂದು ಶಾಲೆಯ ಕೋಣೆಯಲ್ಲಿಟ್ಟರು. ದಾರಿಯಲ್ಲಿ ಪಡುವ ಬೋರಿಗೆ ಹಸಿರು ಬಳಿದರು. ಸಂಜೆ 6 ಗಂಟೆಗೆ ಎರಡರ ಫೋಟೋವನ್ನೂ ನಮ್ಮ ಗ್ರೂಪಿಗೆ ಹಾಕಿದರು. ಪಂಪು ಮಾತ್ರ ಕಾಣುವ ಹಾಗೆ ಹತ್ತಿರದಿಂದ ತೆಗೆದ ಫೋಟೋ. ನಾನು ಅದಕ್ಕೆ ಸರಿ ಎನ್ನುವ ಹೆಬ್ಬೆರಳಿನ ಚಿತ್ರ ಒತ್ತಿದೆ. ಹೋಗಿ ನೋಡಲಿಲ್ಲ.

ದಿನಾಂಕ 14, ಶುಕ್ರವಾರ, ನನಗೆ ದಿನವಿಡೀ ಶಾಲೆಯಲ್ಲಿ ಕಣ್ಣಿನ ತಪಾಸಣೆಯ ಕೆಲಸವಿತ್ತು. ಸಂಜೆ 6 ಗಂಟೆಗೆ ಶುದ್ಧ ನೀರಿನ ಬಗ್ಗೆ ಬೀದಿ ನಾಟಕ. ಅದರಲ್ಲಿ ನಾನು ಡಾಕ್ಟರ್. 5 ಗಂಟೆ 20 ನಿಮಿಷಕ್ಕೆ ನಾನು ಬಿಳಿ ಕೋಟು ಹಾಕಿಕೊಳ್ಳುತ್ತಿದ್ದಾಗ ಗೋವಿಂದಮ್ಮ ಎಂಬುವರು, ಸುಮಾರು ಅರವತ್ತು ವರ್ಷ, ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡು ಬಂದರು. ಕನ್ನಡ ಬಲ್ಲ ಹುಡುಗಿ ಯಾರು ಎಂದು ಕೇಳಿಕೊಂಡು ನನ್ನ ಹತ್ತಿರವೇ ಬಂದರು.

"ಬಣ್ಣ ತಿರುಗಾಮುರುಗಾ ಬಳ್ದವ್ರೆ ಕಣವ್ವ," ಎಂದರು. "ಪಡುವ ಬೋರಿಂದು ಕೆಟ್ಟ ನೀರು. ಮೊದ್ಲು ಅದ್ನೇ ಕುಡ್ದು ನಮ್ಮ ಯಜಮಾನ್ರಿಗೆ ಮಂಡಿ ಬಗ್ಗದಂಗಾಯ್ತು. ಪಡುವ ಕೇರಿ ಉಡುಗ್ರ ಅಲ್ಲು ನೋಡು, ಎಂಗೈತೆ ಅಂತ. ಮೂಡ ಬೋರಿಂದು ನಾನು ಮೂವತ್ತು ವರ್ಷ ಕುಡ್ದಿವ್ನಿ, ಏನೂ ಆಗಿಲ್ಲ."

ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ನಾಲಿಗೆಗೆ ಅದು ಗೊತ್ತಾಗುವುದಿಲ್ಲ, ಅದಕ್ಕೇ ಯಂತ್ರದಲ್ಲಿ ನೋಡುವುದು ಎಂದು ನಾನು ಅವರಿಗೆ ಹೇಳಿದೆ. ನಾಟಕದ ಮಾತು ಬಾಯಿಪಾಠವಾಗಿತ್ತು. ಅದೇ ಮಾತು ಬಂತು.

"ಯಂತ್ರ ಅಂಗೇಳ್ತಾ?" ಎಂದು ಕೇಳಿದರು.

ಹೌದು ಎಂದೆ.

ಅವರು, "ಓದಿರೋ ಮಕ್ಳು ನೀವು. ನನ್ಗೇ ತಪ್ಪಾಯ್ತೇನೋ," ಎಂದು ಹೇಳಿ ಹೋದರು. ಒಟ್ಟು ಎರಡು ನಿಮಿಷ ಆಗಿರಬಹುದು. ಪಡುವ ಯಾವುದು, ಮೂಡ ಯಾವುದು ಎಂದು ಆಗ ಚೀಟಿ ತೆಗೆದು ನೋಡಿದ್ದರೆ ಸಾಕಿತ್ತು. ಚೀಟಿ ನನ್ನ ಪುಸ್ತಕದಲ್ಲಿತ್ತು, ಪುಸ್ತಕ ಪಕ್ಕದ ಬೆಂಚಿನ ಮೇಲಿತ್ತು.

ದಿನಾಂಕ 15, ಶನಿವಾರ, ಬೆಳಿಗ್ಗೆ 6 ಗಂಟೆ 10 ನಿಮಿಷಕ್ಕೆ ನಾವು ಶಾಲೆಯ ಅಂಗಳ ಗುಡಿಸುತ್ತಿದ್ದಾಗ ಉತ್ತರದ ಕಡೆಯಿಂದ ಕೂಗು ಕೇಳಿತು. ಅಲ್ಲಿ ಊರಿನ ಹಳೆಯ ಬಾವಿಯಿದೆ. ಕಲ್ಲಿನ ಮೆಟ್ಟಿಲು ಇಳಿದು ನೀರು ತುಂಬಿಕೊಳ್ಳಬೇಕು. ಬೋರು ಬಂದ ಮೇಲೆ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲವಂತೆ. ಕೂಗುತ್ತಿದ್ದವರು ಗೋವಿಂದಮ್ಮನವರ ಸೊಸೆ ಶಾಲಿನಿ. ಕೆಂಪು ಬೋರಿಗೆ ಹಿಡಿಯಿಲ್ಲ, ಹಸಿರು ಬೋರಿನ ನೀರು ಕುಡಿಯಲು ಮನಸ್ಸಿಲ್ಲ ಎಂದು ಅತ್ತೆ ಬಾವಿಗೆ ಬಂದರೆಂದು ಅವರು ಅಳುತ್ತ ಹೇಳಿದರು. ಗೋವಿಂದಮ್ಮ ಮೇಲಿನಿಂದ ಒಂಬತ್ತನೇ ಮೆಟ್ಟಿಲಿನಲ್ಲಿ ಜಾರಿ ಕೆಳಗೆ ಬಿದ್ದಿದ್ದರು. ಎಡಗಾಲು ತಿರುಗಿಕೊಂಡಿತ್ತು. ಕೊಡ ನೀರಿನಲ್ಲಿ ತೇಲುತ್ತಿತ್ತು. ಮೋಹನ್‌ರಾಜ್ ಮತ್ತು ನಮ್ಮ ಮೂವರು ಹುಡುಗರು ಅವರನ್ನು ಮಂಚದ ಮೇಲೆ ಮಲಗಿಸಿ ಮೇಲಕ್ಕೆ ತಂದರು. 6 ಗಂಟೆ 55ಕ್ಕೆ 108 ಆಂಬುಲೆನ್ಸ್ ಬಂತು. ಧರ್ಮಪುರಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸೊಂಟದ ಮೂಳೆ ಮುರಿದಿದೆ, ಆಪರೇಷನ್ ಆಗಬೇಕು ಎಂದು ತಿಳಿಯಿತು.

ಗೋವಿಂದಮ್ಮನವರ ಮಗ ವೇಣು, ಮೆಟ್ಟೂರು ಬಸ್ಸಿನ ಕಂಡಕ್ಟರ್, 9 ಗಂಟೆಗೆ ಶಾಲೆಗೆ ಬಂದರು. ಪಡುವ ಕೇರಿಯವರ ಮಾತು ಕೇಳಿಕೊಂಡು ಬೇಕೆಂದೇ ತಮ್ಮ ಕೇರಿಯ ಬೋರನ್ನು ಮುಚ್ಚಿಸಿದ್ದೀರಿ ಎಂದು ಮೋಹನ್‌ರಾಜ್ ಅವರ ಅಂಗಿ ಹಿಡಿದರು. ಮೋಹನ್‌ರಾಜ್ ನನ್ನ ಕಡೆ ನೋಡಿದರು. ಆಗ ನಾನು ಚೀಟಿ ತೆಗೆದು ನೋಡಿದೆ. 10 ಗಂಟೆಗೆ ನಾನೇ ಎರಡೂ ಬೋರಿಗೆ ನಡೆದುಹೋದೆ. ಬಣ್ಣ ಅದಲುಬದಲಾಗಿತ್ತು. ಹೊಸ ನೀರು ಹಿಡಿದು ಮತ್ತೆ ಪರೀಕ್ಷೆ ಮಾಡಿದೆ. ಪಡುವ ಬೋರಿನದು 4.2. ಮೂಡ ಬೋರಿನ ಹಿಡಿಯನ್ನು ತಾತ್ಕಾಲಿಕವಾಗಿ ಸಿಕ್ಕಿಸಿ ಹಿಡಿದ ನೀರು 0.9. ಗೋವಿಂದಮ್ಮ ಹೇಳಿದ್ದೇ ಸರಿಯಾಗಿತ್ತು. ಯಂತ್ರವೂ ಅದನ್ನೇ ಹೇಳಿತ್ತು. ನಡುವೆ ಇದ್ದವಳು ನಾನು.

ಮಧ್ಯಾಹ್ನ ವೇಣು ಠಾಣೆಯಲ್ಲಿ ದೂರು ಕೊಟ್ಟರು. ಪೊಲೀಸರು ಬಂದು ಹಿಡಿಯನ್ನು ಮತ್ತೆ ಬಿಚ್ಚಿಸಿ ಕೋಣೆಯಲ್ಲಿಡಿಸಿ, ಸೋಮವಾರ ಮಹಜರು ಆಗುವವರೆಗೆ ಎರಡು ಬೋರುಗಳನ್ನೂ ಇದ್ದ ಹಾಗೆಯೇ ಬಿಡಬೇಕೆಂದು ಹೇಳಿ ಹೋದರು.

ಅದೇ ಸಂಜೆ ಅಣ್ಣಯ್ಯಪ್ಪ ನನ್ನನ್ನು ಜಗಲಿಯ ಮೂಲೆಗೆ ಕರೆದರು. "ಏ ಉಡುಗಿ, ನೀನ್ಯಾಕೆ ಸಿಕ್ಕಾಕ್ಕೊಂತೀಯ? ಮೂಡ ಅಂತ ಫೋನಲ್ಲಿ ಕೂಗ್ದೋನು ಈ ಮುದುಕನೇ ಅಂತ ಬರ್ಸು. ನನ್ನೇನು ಮಾಡ್ತಾರೆ ಪೋಲೀಸ್ನೋರು?" ಎಂದರು. ನಿಜವಾಗಿ ಕೂಗಿದ್ದು ನೀವೇನಾ ತಾತ ಎಂದು ಕೇಳಿದೆ. "ಯಾರಿಗ್ಗೊತ್ತು. ನಾನೇ ಅನ್ಕೋ," ಎಂದರು. ಆದ್ದರಿಂದ ಅವರು ತಾವೇ ಎಂದು ಹೇಳಿಕೆ ಕೊಟ್ಟಿದ್ದರೆ, ಅದು ನಿಜವೋ ಅಥವಾ ನನ್ನ ಮೇಲಿನ ಕನಿಕರವೋ ಎಂಬುದು ನನಗೆ ಗೊತ್ತಿಲ್ಲವೆಂದು ದಾಖಲಿಸಬೇಕು.

ದಿನಾಂಕ 16, ಭಾನುವಾರ, 11 ಗಂಟೆಗೆ ಶಿಬಿರ ಮುಗಿದು ಕಾಲೇಜು ಬಸ್ಸು ಹೊರಟಿತು. ಶಿಬಿರ ನಡೆಸಿದ ನಮ್ಮ ಸರ್ ಅವರ ಅನುಮತಿ ಪಡೆದು ನಾನೂ ಮೋಹನ್‌ರಾಜ್ ಅವರೂ ಉಳಿದೆವು. ಮಧ್ಯಾಹ್ನ 1 ಗಂಟೆ 30ಕ್ಕೆ ನಾನು ಶಾಲಿನಿ ಅವರೊಂದಿಗೆ ಆಸ್ಪತ್ರೆಗೆ ಹೋದೆ. ಗೋವಿಂದಮ್ಮನವರಿಗೆ ಆ ಬೆಳಿಗ್ಗೆ ಆಪರೇಷನ್ ಆಗಿತ್ತು. ಪಕ್ಕದಲ್ಲಿ ವೇಣು ಇದ್ದರು. ಫೋನಿನ ವಿಷಯ ಹೇಳಿದೆ. ನೀವು ಬಂದು ಹೇಳಿದಾಗ ನಾನು ಕೇಳಲಿಲ್ಲ ಎಂದೂ ಹೇಳಿದೆ. ಗೋವಿಂದಮ್ಮ ಮೇಲೆ ಫ್ಯಾನನ್ನೇ ನೋಡುತ್ತಿದ್ದರು.

"ನಾನೂ ಇನ್ನೊಂದ್ಸಲ ಏಳ್ಬೇಕಾಗಿತ್ತು," ಎಂದರು. "ಯಂತ್ರ ಏಳ್ತು ಅಂದ್ಯಲ್ಲ, ನನ್ನ ನಾಲ್ಗೆ ಮ್ಯಾಲೆ ನನ್ಗೇ ನಂಬ್ಕೆ ಓಯ್ತು. ಆ ರಾತ್ರಿ ಪಡುವ ಬೋರ್ ನೀರು ಒಂದು ಲೋಟ ಕುಡ್ದೆ. ಆಗ್ಲಿಲ್ಲ ಕಣವ್ವ."

ನಾನು ಅಳತೊಡಗಿದೆ. ಅವರೇ, ಈಗ ಜನ ಎಲ್ಲಿಂದ ನೀರು ತರುತ್ತಿದ್ದಾರೆ ಎಂದು ಕೇಳಿದರು. ಪಡುವ ಬೋರಿನಿಂದಲೇ, ಮೂಡ ಬೋರಿಗೆ ಹಿಡಿಯಿಲ್ಲ, ಸೋಮವಾರದವರೆಗೆ ಮುಟ್ಟಬಾರದಂತೆ ಎಂದು ಶಾಲಿನಿ ಹೇಳಿದರು.

ಗೋವಿಂದಮ್ಮ ಆಗ ಮಾತ್ರ ನನ್ನ ಕಡೆ ತಿರುಗಿದರು. "ಮಕ್ಳೂ ಅದ್ನೇ ಕುಡೀತಾವಾ? ಮತ್ತೆ ಇಲ್ಲಿ ಕೂತ್ಕೊಂಡು ಏನ್ ಅಳ್ತೀಯ? ಓಗು. ಓಗಿ ಸರಿಮಾಡು."

ನಾನು 3 ಗಂಟೆಯ ಬಸ್ಸು ಹತ್ತಿದೆ. ಸಂಜೆ 4 ಗಂಟೆ 45ಕ್ಕೆ ಮೋಹನ್‌ರಾಜ್ ಅವರನ್ನು ಕರೆಯದೆ, ನಾನೊಬ್ಬಳೇ ಕೋಣೆಯಿಂದ ಹಿಡಿ, ಸ್ಪ್ಯಾನರ್, ಬಣ್ಣದ ಡಬ್ಬ ತೆಗೆದುಕೊಂಡು ಮೂಡ ಬೋರಿಗೆ ಹೋದೆ. ಕೆಂಪಿನ ಮೇಲೆ ಹಸಿರು ಬಳಿದೆ. ಎರಡೂ ಕಲೆತು ಸಗಣಿಯ ಬಣ್ಣ ಬಂತು. ಹಿಡಿ ಸಿಕ್ಕಿಸಿದೆ, ನಟ್ಟು ಬಿಗಿಯಾಗಲಿಲ್ಲ. ಅಷ್ಟರಲ್ಲಿ ವೇಣು ಮೋಟಾರ್ ಸೈಕಲಿನಲ್ಲಿ ಬಂದರು. ಹೊಡೆಯುತ್ತಾರೆ ಎಂದುಕೊಂಡೆ. ಅವರು ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ನಟ್ಟು ಬಿಗಿಮಾಡಿದರು. "ನಮ್ಮವ್ವ ಕಳ್ಸಿದ್ಲು," ಎಂದು ಮಾತ್ರ ಹೇಳಿದರು. ದೂರು ವಾಪಸ್ ತೆಗೆದುಕೊಳ್ಳುವ ಮಾತು ಅವರೂ ಆಡಲಿಲ್ಲ, ನಾನೂ ಕೇಳಲಿಲ್ಲ.

ಸಾಕ್ಷಿಯನ್ನು ಕೆಡಿಸಿದ್ದು ತಪ್ಪು ಎಂದು ಇಂದು ಠಾಣೆಯಲ್ಲಿ ಹೇಳಿದರು. ತಪ್ಪಾದರೆ ಅದು ನನ್ನದು. ನಟ್ಟು ಬಿಗಿಮಾಡಿದವರದಲ್ಲ. ‘ಮೂಡ’ ಎಂದವರು ಯಾರು ಎಂದು ಐದು ಸಲ ಕೇಳಿದರು. ಐದು ಸಲವೂ ಗೊತ್ತಿಲ್ಲವೆಂದೆ, ಈಗಲೂ ಅದೇ ಉತ್ತರ. ಶುಕ್ರವಾರದ ಎರಡು ನಿಮಿಷದ ಮಾತನ್ನು ಬರೆಯುವ ಅಗತ್ಯವಿಲ್ಲ, ಅದಕ್ಕೆ ಯಾವ ಕಲಮೂ ಇಲ್ಲ ಎಂದರು. ನಾನು ಬರೆಯಲೇಬೇಕೆಂದು ಕೇಳಿಕೊಂಡ ಮೇಲೆ ಮಾದೇಶ್ ಅವರು ಬರೆದರು.

ಭಾನುವಾರ ಸಂಜೆ ಆ ಬಣ್ಣ ನೋಡಿ ಯಾರಿಗೂ ಏನೂ ತಿಳಿಯುವ ಹಾಗಿರಲಿಲ್ಲ. ಆದ್ದರಿಂದ ನಾನು ಬೋರಿನ ಪಕ್ಕದಲ್ಲೇ ನಿಂತು, ಕೊಡ ಹಿಡಿದು ಬಂದವರಿಗೆಲ್ಲ ಇದು ಕುಡಿಯುವ ನೀರು, ಪಡುವ ಬೋರಿನದು ಬೇಡ ಎಂದು ಕನ್ನಡದಲ್ಲೊಮ್ಮೆ ತಮಿಳಿನಲ್ಲೊಮ್ಮೆ ಹೇಳಿದೆ. ಕತ್ತಲಾಗುವವರೆಗೆ ಹದಿನೇಳು ಜನ ಬಂದರು. ಪಡುವ ಕೇರಿಯ ಒಬ್ಬ ಹೆಂಗಸು ಕೊಡ ಇಳಿಸದೆ, ಮೊನ್ನೆ ಒಂದು ಹೇಳಿದಿರಿ, ಇವತ್ತು ಒಂದು ಹೇಳುತ್ತೀರಿ, ಇದನ್ನು ಹೇಳಿದವರು ಯಾರು, ನಿಮ್ಮ ಯಂತ್ರವೋ ಎಂದು ಕೇಳಿದರು.

ಗೋವಿಂದಮ್ಮ ಹೇಳಿದರು ಎಂದೆ. ಅವರು ಕೊಡ ಇಳಿಸಿದರು.

ಇಷ್ಟು ನಾನು ಯಾರ ಒತ್ತಾಯವೂ ಇಲ್ಲದೆ ಹೇಳಿದ್ದು. ಬರೆದದ್ದನ್ನು ಕನ್ನಡದಲ್ಲಿ ಓದಿಸಿ ಕೇಳಿದ್ದೇನೆ, ತಮಿಳಿನಲ್ಲಿ ಅರ್ಥ ಹೇಳಿಸಿ ಇನ್ನೊಮ್ಮೆ ಕೇಳಿದ್ದೇನೆ. ನನಗೆ ಗೊತ್ತಿರುವುದು ಗೊತ್ತಿದೆ ಎಂದೂ, ಗೊತ್ತಿಲ್ಲದ್ದು ಗೊತ್ತಿಲ್ಲ ಎಂದೂ ಸರಿಯಾಗಿಯೇ ದಾಖಲಾಗಿದೆ ಎಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆ, ನಲ್ಲಂಪಳ್ಳಿ ಬ್ಲಾಕ್, ಧರ್ಮಪುರಿ ಜಿಲ್ಲೆ
ದಿನಾಂಕ: 17-02-2025, ಬೆಳಿಗ್ಗೆ 11 ಗಂಟೆ 40 ನಿಮಿಷ

ಸಹಿ (ತಮಿಳಿನಲ್ಲಿ): ರಾ. ಭಾಗ್ಯಲಕ್ಷ್ಮಿ
ನನ್ನ ಮುಂದೆ, ಹೇಳಿದಂತೆ ಬರೆದವರು: ಮಾದೇಶ್, ಹೆಡ್ ಕಾನ್‌ಸ್ಟೇಬಲ್