ಭಂಡಾರ ಮುಟ್ಟಿದ ಕೈ

ಕುಂದ್ರಬ್ಯಾಡ! ನನ್ನ ಮಂಚದ ಮ್ಯಾಗ ಕುಂದ್ರಬ್ಯಾಡ ಅಂದ್ನೆಲ್ಲ! ...ಹ್ಞಾಂ, ಅಲ್ಲೇ ನೆಲದ ಮ್ಯಾಗ ಕುಂದ್ರು. ತಣ್ಣಗಿರತೈತಿ. ನಿನ್ನ ಹೊಟ್ಟಿನೂ ಈಗ ತಣ್ಣಗಾಗಿರಬೇಕೆಲ್ಲ?

ನಗಬ್ಯಾಡ ಸುಮಿ. ನಾ ಚಾಷ್ಟಿ ಮಾಡಾಕತ್ತಿಲ್ಲ. ಇವತ್ತಿಂದ ಸುಮಂಗಲಾ ಅಂತ ಪೂರ್ತಿ ಹೆಸರು ಹಿಡದ ಕರೀತೀನಿ, ಅಟೆಂಡೆನ್ಸ್ ಕೂಗಿದಂಗ. ಒಂದನೇತ್ತಿಂದ ಸೆಕೆಂಡ್ ಪಿಯುಸಿತನ ಒಂದ ಬೆಂಚು, ಒಂದ ಡಬ್ಬಿ... ನೆಚ್ಚಿದ ಎಮ್ಮಿ ಕೋಣ ಈಯ್ತಂತ. ಹಂಗಾತು ನನ್ನ ಹಣೇಬರ.

ಬಾಗ್ಲಾ ಹಾಕು. ...ಏನ್ ಹುಡುಕಾಕತ್ತಿ? ಚಿಲಕನಾ? ಇಲ್ಲ! ಅಪ್ಪ ಬಿಚ್ಚ್ಯಾನ. ಸ್ಕ್ರೂಡ್ರೈವರ್ ಹಿಡಕೊಂಡು ಬಂದ, ಬಿಚ್ಚಿದ, ಜೇಬಿನ್ಯಾಗ ಇಟ್ಕೊಂಡು ಹೋದ. ನನ್ನ ಮಾರಿ ಸೈತ ನೋಡಲಿಲ್ಲ. ಬಚ್ಚಲದ್ದೂ ಬಿಚ್ಚ್ಯಾನ. ನಾ ಒಳಗ ಮೈ ತೊಳ್ಕೊಂಬೇಕು, ಯವ್ವ ಹೊರಗ ಕುಂತು 'ಭವ್ಯಾ, ಇದ್ದೀಯೇನವ್ವಾ, ಇದ್ದೀಯೇನವ್ವಾ' ಅಂತ ಕೇಳಬೇಕು. ಇಷ್ಟು ದೊಡ್ಡ ಹುಡುಗಿಗೆ! ಯಾರಿಂದ ಆತು ಇದೆಲ್ಲ? ನಿನ್ನಿಂದ.

ಅಪ್ಪನ್ನ ನೋಡಿದೆಲ್ಲ ಬರುವಾಗ? ಜ್ವರ ಬಂದ್ರೂ ವಡ್ಡು ಊರಿನ ಕಡೀಗಿನ ಫ್ಯಾಕ್ಟ್ರಿಗೆ ಒಂದು ಶಿಫ್ಟ್ ತಪ್ಪಿಸಿದವ ಅಲ್ಲ. ಈಗ ಕಟ್ಟಿ ಮ್ಯಾಗ ಕುಂತಾನ. ಕಂಪನಿ ಬಸ್ಸು ಬಂತು, ಮುರುಗೇಶ್ ಕಾಕಾ ಹಾರ್ನ್ ಮ್ಯಾಲ ಹಾರ್ನ್ ಹೊಡದ, ಏಳವಲ್ಲ. ಇನ್ನ ಯವ್ವ... 'ಗಾಳಿ ಏನರ ಸೋಕೇತೇನ' ಅಂತ ಬಾಜೂ ಮನಿ ಜಂಬಮ್ಮಾಯಿನ್ನ ಕರದು ಲಿಂಬಿಹಣ್ಣು ನಿವಾಳಿ ತೆಗಸಿದ್ಲು. ಜಂಬಮ್ಮಾಯಿ ಬಾಯಿಗೆ ಬಿತ್ತಂದ್ರ ಮುಗೀತಲ್ಲ, ಹೊಸಪ್ಯಾಟಿ ತುಂಬ ಡಂಗುರ!

ಮುಂಜಾನಿ ದವಾಖಾನಿಗೂ ಹೋಗಿ ಬಂದಾತು. ಡಾಕ್ಟ್ರಮ್ಮ ಭಾಳ ಮೆತ್ತಗ ಮಾತಾಡ್ತಾಳ. ಏನೇನೋ ಕೇಳಿದ್ಲು. ಎಲ್ಲಾದಕ್ಕೂ 'ಇಲ್ರಿ, ಇಲ್ರಿ' ಅಂದೆ. ...ಯಾಕ ಹಂಗ ನೋಡ್ತಿ? ಇಲ್ಲ ಅಂದ್ರ ಇಲ್ಲ!

ನಾ ನಿನಗ ಹೇಳಿದ್ದೇನು? ಶಿವರಾತ್ರಿ ಆದ ಮ್ಯಾಗ, ಇದ ರೂಮಿನ್ಯಾಗ, ಬಾಯಿಬಿಟ್ಟು ಹೇಳಿದ್ನೆಲ್ಲ. ಪುಸ್ತಕ ತೆಗದ್ರ ಅಕ್ಷರ ಕಾಣ್ತಾವ ಸುಮಿ, ಒಳಗ ಏನೂ ಇಳಿಯಂಗಿಲ್ಲ. ಮುಂಜಾನಿಂದ ಸಂಜಿತನ ಅದ ಪುಟ. ತಲಿ ಬಾಚ್ಕೊಂಬಾಕ ಕೈ ಏಳಂಗಿಲ್ಲ. ಅಳು ಬಂದ್ರರ ಚಲೋ ಇತ್ತು, ಅದೂ ಬರಂಗಿಲ್ಲ. ನೀ ನನ್ನ ತಲಿ ಬಾಚಿದಿ. ಎಣ್ಣಿ ಹಚ್ಚಿ, ಎರಡು ಜಡಿ ಹಾಕಿ, 'ಯವ್ವಗ ಹೇಳೋಣಲೇ' ಅಂದಿ. ಬ್ಯಾಡ ಅಂದೆ. ಯವ್ವಗ ಹೇಳಿದ್ರ ಅಳ್ತಾಳ, ಅಪ್ಪಗ ಹೇಳಿದ್ರ 'ಪರೀಕ್ಷಿ ಅಂಜಿಕಿ, ಪಾಸಾದ್ರ ಹೋಗತೈತಿ' ಅಂತಾನ.

ಅದಕ್ಕ ಆಣಿ ಮಾಡಿಸ್ಕೊಂಡೆ. ಬಾಯಿಮಾತಿನ ಆಣಿ ಅಲ್ಲ. ದೇವರ ಜಗಲಿ ಮ್ಯಾಗಿನ ಹುಲಿಗೆಮ್ಮನ ಭಂಡಾರ ಮುಟ್ಟಿದಿ ನೀನು! ಈ ಬಲಗೈಲೆ! ಬೆರಳೆಲ್ಲ ಅರಿಷಿಣ ಹತ್ತಿ ಹಳದಿ ಆಗಿದ್ವು. 'ಯಾರ ಮುಂದನೂ ಹೇಳಂಗಿಲ್ಲ ಭವಿ, ಅಮ್ಮನಾಣಿ' ಅಂದಿದ್ದಿ. ಭಂಡಾರ ಮುಟ್ಟಿ ತಪ್ಪಿದವರ ಮನಿ ಉಳಿಯಂಗಿಲ್ಲ ಅಂತ ನಿಮ್ಮಾಯಿನ ಹೇಳ್ತಿದ್ಲೆಲ್ಲ? ಅಷ್ಟಾಗಿ, ಗುರುವಾರ ಕೆಮಿಸ್ಟ್ರಿ ಪೇಪರ್ ಮುಗೀತು, ಒಗ್ಗರಣಿ ಮಿರ್ಚಿ ತಿಂದ್ವಿ, ನಕ್ಕೊಂತ ಬಂದ್ವಿ... ದೀಪ ಹಚ್ಚೂದರಾಗ ನಮ್ಮವ್ವನ ಮುಂದ ಕುಂತು ಎಲ್ಲಾ ಒದರಿಬಿಟ್ಟಿ!

ಹೇಳಿದಿ. ಹೇಳಿ ಎಲ್ಲಿ ಹೋದಿ? ನಿನ್ನಿ ಇಡೀ ದಿನ ಫೋನ್ ಎತ್ತಲಿಲ್ಲ. ಮಾರಿ ತೋರ್ಸಾಕ ನಾಚಿಕಿ ಬಂತೇನ? ಬೆಂಕಿ ಹಚ್ಚಿದಾಕಿ ನೋಡಾಕರ ಬರಬೇಕಿತ್ತು. ನಾ ಇಲ್ಲಿ ಒಬ್ಬಾಕಿನ... ಬಿಡು.

ಕಾಲು ಯಾಕ ಹಂಗ ವೇಲಿನಾಗ ಮುಚ್ಕೊಂಡಿ? ಚಳಿ ಏನಿಲ್ಲಲ್ಲ, ಬ್ಯಾಸಗಿ ಬಂದೈತಿ. ...ಸರಿಬ್ಯಾಡ. ತಡಿ. ಹಣಿ ಮ್ಯಾಗ ಏನದು? ಭಂಡಾರ? ನಿನ್ನಿ ಶುಕ್ರವಾರ... ಹುಲಿಗಿಗೆ, ಅಮ್ಮನ ಗುಡಿಗೆ ಹೋಗಿದ್ಯಾ? ಸೋಮವಾರ ಫಿಸಿಕ್ಸ್ ಇಟ್ಕೊಂಡು?

ಕಾಲು ತೋರ್ಸು. ತೋರ್ಸಲೇ!

...ಯವ್ವಾ. ಸುಮಿ, ಏನಿದು? ಅಂಗಾಲೆಲ್ಲ ಬೊಬ್ಬಿ. ನಡಕೊಂತ ಹೋದ್ಯಾ? ಬರಿಗಾಲಿಲೆ? ಡ್ಯಾಮ್ ದಾಟಿ, ಈ ಬಿಸಿಲಾಗ, ಡಾಂಬರಿನ ಮ್ಯಾಗ? ...ತಪ್ಪುಗಾಣಿಕಿ ಹಾಕಾಕ. ಹೌದಿಲ್ಲ? ಆಣಿ ಮುರದದ್ದಕ್ಕ.

ಅಂದ್ರ ತಪ್ಪು ಅಂತ ಗೊತ್ತಿತ್ತು ನಿನಗ! ಗೊತ್ತಿದ್ದೂ ಹೇಳಿದಿ! ಬೆಕ್ಕು ಅಡ್ಡ ಬಂದ್ರ ಪರೀಕ್ಷಿ ಸೆಂಟರಿಗೆ ಸುತ್ತು ಹೊಡದು ಬರಾಕಿ ನೀನು. ಅಮ್ಮಗ ಅಂಜಾಕಿ. ಇಷ್ಟು ದಿನ ಹೊಟ್ಟ್ಯಾಗ ಇಟ್ಕೊಂಡಾಕಿಗೆ ಗುರುವಾರ ಅಂಥಾದ್ದೇನ ಬಂತು? ಹೇಳು! ಹುಲಿಗೆಮ್ಮಗಿಂತ ದೊಡ್ಡ ಅಂಜಿಕಿ ಯಾವುದಿತ್ತು ನಿನಗ?

ಬ್ಯಾಗ್ ಯಾಕ ತೆಗೀತಿ? ನಾ ಕೇಳಿದ್ದಕ್ಕ ಉತ್ತರ...

...ಇದನ್ಯಾಕ ತಂದಿ?

ಪರೀಕ್ಷಿ ಪ್ಯಾಡ್ ಗುರುವಾರ ನಿನಗ ಕೊಟ್ಟೆನಲ್ಲ. ಕೊಟ್ಟದ್ದು ಕೊಟ್ಟಂಗ. ಹೌದು, ಏಳನೇತ್ತಿಂದ ಇದರ ಮ್ಯಾಗ ಬರದೀನಿ. ಹೌದು, ಯಾರಿಗೂ ಮುಟ್ಟಾಕ ಬಿಟ್ಟಿಲ್ಲ, ನಿನಗೂ. ಎಂಟನೇತ್ತಿನ್ಯಾಗ ಒಮ್ಮೆ ಕೇಳಿದ್ದಕ್ಕ ನಿನ್ನ ಕೂಡ ವಾರಗಟ್ಲೆ ಮಾತು ಬಿಟ್ಟಿದ್ದೆ. ಅದಕ್ಕೇನೀಗ? ಕ್ಲಿಪ್ಪು ತುಕ್ಕು ಹಿಡದೈತಿ, ಅದಕ್ಕ ಕೊಟ್ಟೆ. ಅಪ್ಪ ಹೊಸಾದು ಕೊಡಸ್ತೀನಿ ಅಂದಿದ್ದ. ಖರೇನ. ಅಪ್ಪನ್ನ ಕೇಳು ಬೇಕಾದ್ರ.

...ಬ್ಯಾಡ, ಅಪ್ಪನ್ನ ಕೇಳಬ್ಯಾಡ.

ಏನ್ ನೋಡ್ತಿ? ಪೇಪರ್ ಇನ್ನೂ ಅದಾವ ಅಂತ ನನಗೂ ಗೊತ್ತೈತಿ. ಪ್ಯಾಡ್ ಇಲ್ದ ಬರಿಯಾಕ ಆಗಂಗಿಲ್ಲೇನು? ಬೆಂಚ್ ಇರತೈತೆಲ್ಲ? 'ನೀನ ಇಟ್ಕೋ ಸುಮಿ, ನನಗ ಇನ್ನ ಬ್ಯಾಡ' ಅಂದೆ. ಮಾತಿಗೆ ಅಂದೆ. ನಕ್ಕೊಂತ ಅಂದೆನೆಲ್ಲ... ನೀನೂ ನಕ್ಕಿ... ನಕ್ಕಿದ್ದೆಲ್ಲ?

ನಕ್ಕಿದ್ದಿಲ್ಲ ನೀನು. ಮಿರ್ಚಿ ಕೈಯಾಗ ಹಿಡದು ಹಂಗ ನಿಂತಿದ್ದಿ.

ಏನರ ಅನ್ನಲೇ! ಬೈ! ಬರೀ ಪ್ಯಾಡು, ಒಂದು ಹಳೇ ಪ್ಯಾಡು ಕೊಟ್ಟದ್ದಕ್ಕ ನೀ ಭಂಡಾರದಾಣಿ...

ಅಳಬ್ಯಾಡ. ನಿನಗ ಕೈ ಮುಗೀತೀನಿ, ಅಳಬ್ಯಾಡ.

...ಹೌದು.

ಸೋಮವಾರ ನಾ ಬರಾಕಿ ಇದ್ದಿಲ್ಲ ಸುಮಿ. ಪರೀಕ್ಷಿಗೂ ಇಲ್ಲ, ಮತ್ತ ಎಲ್ಲಿಗೂ ಇಲ್ಲ.

ಡಾಕ್ಟ್ರಮ್ಮ ಅದನ್ನ ಕೇಳಿದ್ಲು. ಮೆತ್ತಗ, ಎರಡು ಸರ್ತಿ ಕೇಳಿದ್ಲು. ಇಲ್ರಿ ಅಂದೆ.

ಏಳು. ಆ ಕಾಲು ಇಟ್ಕೊಂಡು ನೆಲದ ಮ್ಯಾಗ ಕುಂದ್ರಬ್ಯಾಡ, ಇಲ್ಲಿ ಮಂಚದ ಮ್ಯಾಗ ಬಾ. ಪ್ಯಾಡ್ ನನ್ನ ಕೈಯಾಗ ಕೊಡು. ...ಯವ್ವಾ! ಯವ್ವಾ, ಕೊಬ್ರಿ ಎಣ್ಣಿ ತಗೊಂಡು ಬಾ ಇಲ್ಲಿ. ಅಪ್ಪನ್ನೂ ಕರಿ.