ಅಮ್ಮನನ್ನು ಕನ್ವಿನ್ಸ್ ಮಾಡಿದ ಬಗೆ

ಬೆಳಿಗ್ಗೆ ಹನ್ನೊಂದು ಗಂಟೆ. ನೋಂದಣಿ ಕಚೇರಿಯ ಬೆಂಚಿನಲ್ಲಿ ಮಗಳ ಜನನ ಪ್ರಮಾಣಪತ್ರಕ್ಕೆ ಕಾದಿದ್ದ ಬಡಗಿಯ ಪಕ್ಕ ಮದುಮಗಳೊಬ್ಬಳು ಉಗುರು ಕಚ್ಚುತ್ತ ಕೂತಿದ್ದಳು. ಅವಳ ಅಕ್ಕ ಏದುಸಿರು ಬಿಡುತ್ತ ಬಂದಳು.

“ಅಮ್ಮ ಬರ್ತಾಳೇನೇ?”

“ಹಿಂದೇನೇ ಬರ್ತಿದಾಳೆ. ಕನ್ವಿನ್ಸ್ ಮಾಡ್ಬಿಟ್ಟೆ.”

“ಈ ಮದುವೆಗೆ ಕಾಲಿಡಲ್ಲ ಅಂತಿದ್ಲಲ್ಲ. ಹುಡುಗ ಒಳ್ಳೆಯವನು ಅಂದ್ಯಾ?”

“ಅವನ ಸುದ್ದೀನೇ ಎತ್ತಲಿಲ್ಲ. ನಿನ್ನ ರವಿಕೆ ಅವಳ ಎದುರಂಗಡಿ ಟೈಲರ್ ಹೊಲಿದಿದ್ದು, ಒಂದು ತೋಳು ಗಿಡ್ಡ ಅಂದೆ. ಹೊಲೀತಿದ್ದ ಮಿಷನ್ ನಿಲ್ಲಿಸಿ ಎದ್ದೇಬಿಟ್ಲು.”

“ಕನ್ವಿನ್ಸ್ ಅಂದ್ರೆ ಕಾರಣ ಕೊಟ್ಟು ಒಪ್ಸೋದು ಕಣೇ. ನೀನು ಟೋಪಿ ಹಾಕಿದೀಯ.”

“ಹೌದಾ? ಎರಡೂ ಕೈ ಚಾಚು.”

ಚಾಚಿದಳು. ಬಡಗಿಯ ಕಣ್ಣಿಗೆ ಎರಡು ತೋಳುಗಳ ನಡುವೆ ಬೆರಳಗಲದ ವ್ಯತ್ಯಾಸ ಕಂಡಿತು.

“ಅಯ್ಯೋ, ನಿಜ ಕಣೇ.”

“ನೋಡು, ನೀನೂ ಕನ್ವಿನ್ಸ್ ಆದೆ.”

ಇಬ್ಬರೂ ಒಬ್ಬರ ಮೇಲೊಬ್ಬರು ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟರಲ್ಲಿ ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಅಮ್ಮ ಬಂದಳು.

“ಇದೇನೇ ಅವನು ಹೊಲಿದಿರೋದು? ನನ್ನ ಮಗಳು ಹೀಗೆ ಹೋಗಿ ನಿಂತ್ಕೋಬೇಕಾ? ತಿರುಗು ಈ ಕಡೆ.”

ನಾಲ್ಕು ಹೊಲಿಗೆ ಬಿಚ್ಚುವಷ್ಟರಲ್ಲಿ ಮದುಮಗಳ ಹೆಸರು ಕೂಗಿದರು. ಅಮ್ಮ ತೋಳನ್ನು ಬಿಡಲಿಲ್ಲ. ಮಗಳ ಜೊತೆ ತಾನೂ ಒಳಗೆ ಹೋದಳು.